ಉಸಿರು ಬಿಗಿಹಿಡಿದವರ ಲೆಕ್ಕ

ನಮ್ಮ ಕಾಸರಗೋಡಿನವರ ಮಟ್ಟಿಗೆ ಗಲ್ಫ್ ಎಂದರೆ ಎಣ್ಣೆಯ ನಾಡು. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಗಲ್ಫಿನ ಹಣ ಕಾಣದ ಊರು ಸಿಗುವುದು ಕಷ್ಟ. ಮನೆಮಾತು ಕನ್ನಡವಿರಲಿ, ಮಲೆಯಾಳವಿರಲಿ, ತುಳುವಿರಲಿ, ಬ್ಯಾರಿಯಿರಲಿ, ಅಲ್ಲಿಗೆ ಹೋದ ಒಬ್ಬ ಮಗನೋ ಅಳಿಯನೋ ನೆಂಟರಲ್ಲಿ ಇದ್ದೇ ಇರುತ್ತಾನೆ. ಆದರೆ ಎಣ್ಣೆ ಸಿಗುವುದಕ್ಕೆ ಮೊದಲು ಆ ನಾಡಿನವರು ಹೇಗೆ ಬದುಕುತ್ತಿದ್ದರು ಎಂದು ಯಾರಾದರೂ ಕೇಳಿದರೆ, ಒಂಟೆ ಮತ್ತು ಖರ್ಜೂರ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಕರಾವಳಿಯ ಅರಬರು ಮುಖ್ಯವಾಗಿ ಬದುಕಿದ್ದು ನೀರಿನಲ್ಲಿ ಮುಳುಗಿ. ಅವರು ಸಮುದ್ರದ ತಳದಿಂದ ಹೆಕ್ಕಿ ತಂದದ್ದಕ್ಕೆ ನಮ್ಮ ಎರಡೂ ಭಾಷೆಗಳಲ್ಲಿ ಒಂದೇ ಹೆಸರು: ಮುತ್ತು.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಪುಸ್ತಕದಿಂದಲ್ಲ, ನೀರಿನಿಂದ. ಕೆಲವು ವರ್ಷಗಳ ಹಿಂದೆ ಒಂದು ನವೆಂಬರಿನಲ್ಲಿ ನಾವು ಮೂವರು ಗೆಳೆಯರು ಬಹರೈನಿಗೆ ಹೋಗಿದ್ದೆವು. ಉಪ್ಪಳದವರೊಬ್ಬರು, ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಅವರ ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಇನ್ನೊಬ್ಬರು ಹೊಸದುರ್ಗದವರು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು, ಮನೆಮಾತು ಮಲೆಯಾಳ. ಇತಿಹಾಸ ಪಾಠ ಮಾಡಿದ ನಾನು ಮೂರನೆಯವನು. ಮೂವರೂ ಹುಡುಗರಾಗಿದ್ದಾಗ ಹೊಳೆಯಲ್ಲಿ ಈಜಿದವರೇ. 2017ರಿಂದ ಬಹರೈನ್ ಸರಕಾರವು ಹೊರಗಿನಿಂದ ಬಂದವರಿಗೂ ಮುತ್ತಿನ ಚಿಪ್ಪು ಹೆಕ್ಕಲು ಪರವಾನಗಿ ಕೊಡುವ ವ್ಯವಸ್ಥೆ ಮಾಡಿದೆ, ಒಬ್ಬನಿಗೆ 60 ಚಿಪ್ಪುಗಳ ಮಿತಿ. ಇದನ್ನು ತಿಳಿದ ಪ್ರಾಣಿಶಾಸ್ತ್ರದ ಗೆಳೆಯರು, "ಮಾಷೆ, ಪುಸ್ತಕದಲ್ಲಿ ಓದಿದ್ದು ಸಾಕು, ಇಳಿದು ನೋಡೋಣ" ಎಂದು ಪಟ್ಟು ಹಿಡಿದರು. ಹಾಗೆ ನಾವು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ವಿದ್ಯೆಯ, ಎಂದರೆ ಸ್ಕೂಬಾದ, ವಿದ್ಯಾರ್ಥಿಗಳಾದೆವು.

ಮೊದಲ ಮೂರು ದಿನ ಈಜುಕೊಳದಲ್ಲೇ ಪಾಠ. ಕಲಿಸುವವನು ಫಿಲಿಪೈನ್ಸಿನ ಹುಡುಗ, ನಮ್ಮ ಮಕ್ಕಳಿಗಿಂತ ಚಿಕ್ಕವನು. ಆತ ಹೇಳಿದ ಮೊದಲ ನಿಯಮ, ಕೊನೆಯ ದಿನದವರೆಗೂ ಬಿಡದೆ ಹೇಳುತ್ತಿದ್ದ ನಿಯಮ ಒಂದೇ: ನೀರಿನ ಕೆಳಗೆ ಯಾವ ಕಾರಣಕ್ಕೂ ಉಸಿರು ಬಿಗಿಹಿಡಿಯಬಾರದು. ಹೊಳೆಯಲ್ಲಿ ಮುಳುಗಿ ಕಲಿತವನಿಗೆ ಇದಕ್ಕಿಂತ ಕಷ್ಟದ ಪಾಠವಿಲ್ಲ, ಏಕೆಂದರೆ ತಲೆ ನೀರಿನೊಳಗೆ ಹೋದೊಡನೆ ಎದೆ ತಾನಾಗಿ ಬಿಗಿಯುತ್ತದೆ. ಕಾರಣವೇನೋ ಸರಳವಾದದ್ದೇ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. 10 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಮೇಲೇರಿದರೆ ಶ್ವಾಸಕೋಶ ಹರಿಯುತ್ತದೆ. ಉಸಿರು ಕಟ್ಟಿ ಇಳಿದವನಿಗೆ ಈ ಭಯವಿಲ್ಲ. ಅವನು ಕೊಂಡುಹೋದದ್ದು ಮೇಲಿನ ಗಾಳಿಯನ್ನೇ. ಕೆಳಗೆ ಅದು ಕುಗ್ಗಿ, ಮೇಲೆ ಬಂದಾಗ ಮತ್ತೆ ಮೊದಲಿನಷ್ಟೇ ಆಗುತ್ತದೆ. ಹಾಗಾಗಿ ಎರಡು ವಿದ್ಯೆಗಳೂ ಒಂದೇ ನೀರಿನಲ್ಲಿದ್ದರೂ ಒಂದಕ್ಕೊಂದು ತಲೆಕೆಳಗು. ನಮಗೆ ಯಾವುದು ಮಹಾಪರಾಧವೋ ಅದೇ ಮುತ್ತಿನವರ ಇಡೀ ಬಂಡವಾಳ.

ಆ ಬಂಡವಾಳ ಎಷ್ಟು ದೊಡ್ಡದಾಗಿತ್ತು ಎಂಬುದನ್ನು ಬ್ರಿಟಿಷ್ ಭಾರತ ಸರಕಾರಕ್ಕಾಗಿ ಲೋರಿಮರ್ ಎಂಬ ಅಧಿಕಾರಿ ಸಿದ್ಧಪಡಿಸಿದ ಪರ್ಶಿಯನ್ ಕೊಲ್ಲಿಯ ಗೆಝೆಟಿಯರಿನಲ್ಲಿ ನೋಡಬಹುದು. 20ನೆಯ ಶತಮಾನದ ಮೊದಲ ದಶಕದಲ್ಲಿ ಬಹರೈನ್ ಎಂಬ ಚಿಕ್ಕ ದ್ವೀಪವೊಂದರಿಂದಲೇ 900ಕ್ಕೂ ಹೆಚ್ಚು ದೋಣಿಗಳು, 17 ಸಾವಿರಕ್ಕೂ ಹೆಚ್ಚು ಜನ ಮುತ್ತಿಗಾಗಿ ಸಮುದ್ರಕ್ಕೆ ಹೋಗುತ್ತಿದ್ದರು. ಈಗ ಅಬುಧಾಬಿ, ದುಬೈ ಎಂದು ಕರೆಯುವ ಕರಾವಳಿಯಿಂದ, ಕತಾರಿನಿಂದ, ಕುವೈಟಿನಿಂದ ಹೊರಡುವ ದೋಣಿಗಳು ಬೇರೆ. ಬೇಸಗೆಯ ನಾಲ್ಕು ತಿಂಗಳು, ಸುಮಾರಾಗಿ ಜೂನಿನಿಂದ ಸೆಪ್ಟೆಂಬರಿನವರೆಗೆ, ದೊಡ್ಡ ಮುಳುಗಿನ ಕಾಲ. ನಮ್ಮಲ್ಲಿ ಮಳೆಗಾಲವೆಂದು ದೋಣಿಗಳನ್ನು ದಡಕ್ಕೆ ಎಳೆದಿಡುವ ತಿಂಗಳುಗಳಲ್ಲಿ ಅಲ್ಲಿ ಊರಿಗೆ ಊರೇ ಗಂಡಸರಿಲ್ಲದೆ ಬರಿದಾಗುತ್ತಿತ್ತು.

ದೋಣಿಯ ಯಜಮಾನ ನಾಖುದ. ಈ ಹೆಸರು ನಮ್ಮ ಕರಾವಳಿಗೂ ಹೊಸತಲ್ಲ. ಅವನ ಕೆಳಗೆ ಮುಳುಗುವವನು, ಎಂದರೆ ಘೈಸ್. ಅವನ ಹಗ್ಗ ಹಿಡಿದು ಮೇಲೆ ನಿಲ್ಲುವವನು ಸೈಬ್. ಸಣ್ಣಪುಟ್ಟ ಕೆಲಸಕ್ಕೆ ಹುಡುಗರು. ಹಾಡಲಿಕ್ಕೆಂದೇ ಒಬ್ಬ ಹಾಡುಗಾರ, ಅವನಿಗೆ ನಹ್ಹಾಮ್ ಎಂದು ಹೆಸರು. ಮುಳುಗುವವನ ಸಲಕರಣೆಗಳನ್ನು ಒಂದು ಕೈಚೀಲದಲ್ಲಿ ತುಂಬಬಹುದು. ಮೂಗಿಗೆ ಸಿಕ್ಕಿಸಿಕೊಳ್ಳಲು ಕೊಂಬಿನದೋ ಆಮೆಚಿಪ್ಪಿನದೋ ಚಿಮಟ, ಬೆರಳುಗಳಿಗೆ ತೊಗಲಿನ ಟೊಪ್ಪಿಗಳು, ಕೊರಳಿಗೆ ಹಗ್ಗದ ಬಲೆಬುಟ್ಟಿ, ಕಾಲಿಗೆ ಕಲ್ಲು. ಕಲ್ಲಿನ ಭಾರಕ್ಕೆ ಆತ ತಳ ಸೇರುತ್ತಾನೆ, ಕಲ್ಲನ್ನು ಬಿಡುತ್ತಾನೆ, ಸೈಬ್ ಅದನ್ನು ಮೇಲೆಳೆದುಕೊಳ್ಳುತ್ತಾನೆ. ಒಂದು ನಿಮಿಷ, ಒಂದೂವರೆ ನಿಮಿಷ ಚಿಪ್ಪು ಹೆಕ್ಕಿ, ಇನ್ನು ಆಗದು ಎಂದಾಗ ಇವನು ಹಗ್ಗ ಜಗ್ಗುತ್ತಾನೆ. ಮೇಲಿನವನು ಆ ಕ್ಷಣಕ್ಕೆ ಎಳೆಯದಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಹೀಗೆ ದಿನಕ್ಕೆ 50ಕ್ಕೂ ಹೆಚ್ಚು ಬಾರಿ. ಹೊಟ್ಟೆ ತುಂಬಿದ್ದರೆ ಉಸಿರು ನಿಲ್ಲುವುದಿಲ್ಲವೆಂದು ಹಗಲು ಬರೇ ಖರ್ಜೂರ ಮತ್ತು ಕಾಫಿ, ರಾತ್ರಿಗೆ ಅನ್ನ ಮತ್ತು ಮೀನು. ಅಂಬಲಿಮೀನು ಸುಡುವ ತಿಂಗಳಲ್ಲಿ ಮೈ ಮುಚ್ಚುವ ಬಿಳಿ ಹತ್ತಿಯ ಅಂಗಿ ಮಾತ್ರ ರಕ್ಷಣೆ. ಕಿವಿಯ ತಮಟೆ ಒಡೆದ ಮುಳುಗುಗಾರರು ಎಲ್ಲ ಊರಲ್ಲೂ ಇದ್ದರು.

ಕಿವಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮನ್ನು ನಿಜವಾದ ಸಮುದ್ರಕ್ಕೆ ಇಳಿಸಿದ ನಾಲ್ಕನೆಯ ದಿನ, ನಾಲ್ಕೈದು ಮೀಟರ್ ಹೋಗುವಷ್ಟರಲ್ಲಿ ಕಿವಿಯೊಳಗೆ ಸೂಜಿ ಇಟ್ಟಂತಾಯಿತು. ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿ ಬಿಡುತ್ತದೆ, ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಊದಬೇಕು, ಅವಸರ ಮಾಡಬಾರದು. ಉಪ್ಪಳದ ಗೆಳೆಯರ ಕಿವಿ ಬಿಡಲು ಹತ್ತು ನಿಮಿಷ ಹಿಡಿಯಿತು. ಕಲಿಸುವವನು ಅವರೆದುರು ಕೈಕಟ್ಟಿ ತೇಲುತ್ತ ಕಾದ. ಬೆನ್ನ ಮೇಲಿನ 12 ಲೀಟರಿನ ಸಿಲಿಂಡರಿನಲ್ಲಿ 200 ಪಟ್ಟು ಒತ್ತಿ ತುಂಬಿದ, ಎಂದರೆ ಸುಮಾರು 2400 ಲೀಟರ್ ಗಾಳಿ ಇರುವಾಗ ಹತ್ತು ನಿಮಿಷ ಕಾಯುವುದು ದೊಡ್ಡದಲ್ಲ. ಒಂದೇ ಎದೆಯಷ್ಟು ಗಾಳಿ ಹೊತ್ತು ಹೋಗುವವನಿಗೆ ಅಂಥ ಕಾಯುವಿಕೆ ಎಲ್ಲಿಂದ ಬರಬೇಕು? ಕಲ್ಲು ಕೆಳಗೆ ಎಳೆಯುತ್ತಿರುತ್ತದೆ, ಹಿಂದಿನ ದಿನದ ಚಿಪ್ಪು ಕಡಿಮೆಯಾಗಿರುತ್ತದೆ, ಮೇಲೆ ನಾಖುದ ನೋಡುತ್ತಿರುತ್ತಾನೆ.

ಬಹರೈನಿನ ಸಮುದ್ರಕ್ಕೆ ಒಂದು ವಿಶೇಷವಿದೆ. ಬಹರೈನ್ ಎಂದರೆ ಅರಬಿಯಲ್ಲಿ ಎರಡು ಸಮುದ್ರಗಳು. ಉಪ್ಪುನೀರಿನ ತಳದಲ್ಲೇ ಸಿಹಿನೀರಿನ ಬುಗ್ಗೆಗಳು ಏಳುತ್ತಿದ್ದದ್ದರಿಂದ ಈ ಹೆಸರು ಬಂತೆಂದು ಅಲ್ಲಿಯವರು ಹೇಳುತ್ತಾರೆ. ದೋಣಿಯಲ್ಲಿ ಕುಡಿಯುವ ನೀರು ಮುಗಿದಾಗ ಮುಳುಗುವವನೇ ತೊಗಲಿನ ಚೀಲ ಹಿಡಿದು ಇಳಿದು, ಬುಗ್ಗೆಯ ಬಾಯಿಗೆ ಒಡ್ಡಿ ತುಂಬಿ ತರುತ್ತಿದ್ದ. ಸಮುದ್ರದ ತಳದಿಂದ ಕುಡಿಯುವ ನೀರು! ಗುಡ್ಡ ಕೊರೆದು ಸುರಂಗದಿಂದ ನೀರು ತರುವ ನಮ್ಮ ಕಾಸರಗೋಡಿನವರಿಗೆ ಇದು ನಂಬಲಾಗದ ಮಾತಲ್ಲ. ಸುರಂಗ ತೋಡುವವರೂ ದೀಪ ಹಚ್ಚಿಟ್ಟು, ಅದು ಮಂಕಾಗುತ್ತದೆಯೋ ಎಂದು ನೋಡಿ, ಒಳಗೆ ಉಸಿರಿಗೆ ಗಾಳಿಯಿದೆಯೋ ಇಲ್ಲವೋ ಎಂದು ತಿಳಿಯುತ್ತಿದ್ದರಲ್ಲವೇ? ಭೂಮಿಯಿಂದ ನೀರು ಅತಿಯಾಗಿ ಎತ್ತಿದ ಮೇಲೆ ಆ ಕಡಲ ಬುಗ್ಗೆಗಳು ಬಹುಮಟ್ಟಿಗೆ ಬತ್ತಿವೆ.

ಸಿಹಿನೀರು ಉಪ್ಪುನೀರಿನೊಂದಿಗೆ ಕೂಡಿದ್ದರಿಂದಲೇ ಅಲ್ಲಿಯ ಮುತ್ತಿಗೆ ಹೊಳಪು ಬಂತೆಂದು ಜನ ನಂಬಿದ್ದರು. ಮಳೆಯ ಹನಿಯೇ ಚಿಪ್ಪಿನೊಳಗೆ ಮುತ್ತಾಗುತ್ತದೆ ಎಂಬ ಕಥೆ ಅರಬರಲ್ಲೂ ಇದೆ, ಸ್ವಾತಿಮಳೆಯ ಕಥೆಯಾಗಿ ನಮ್ಮಲ್ಲೂ ಇದೆ. ಪ್ರಾಣಿಶಾಸ್ತ್ರದ ಗೆಳೆಯರು ಇದಕ್ಕೆ ತಲೆಯಾಡಿಸುವವರಲ್ಲ. ಚಿಪ್ಪಿನೊಳಗಿನ ಮೃದು ಪೊರೆಗೆ ಪರೋಪಜೀವಿಯೋ ಗಾಯವೋ ಉಪದ್ರ ಕೊಟ್ಟಾಗ ಆ ಪ್ರಾಣಿ ಸುಣ್ಣದಂಶದ ಪದರಗಳನ್ನು ಒಂದರ ಮೇಲೊಂದು ಸುತ್ತಿ ಮುಚ್ಚುತ್ತದೆ, ಅದೇ ಮುತ್ತು ಎಂದು ಅವರು ದೋಣಿಯಲ್ಲೇ ಒಂದು ತರಗತಿ ತೆಗೆದುಕೊಂಡರು. ನಮ್ಮ ಕಲ್ಲುಮ್ಮಕ್ಕಾಯಿಯ ದೂರದ ನೆಂಟ ಅದು ಎಂದೂ ಸೇರಿಸಿದರು.

ಇನ್ನು ಲೆಕ್ಕದ ಮಾತು. ಮುತ್ತಿನ ಇತಿಹಾಸವೆಂದರೆ ರಾಣಿಯರ ಹಾರಗಳ ಇತಿಹಾಸವೆಂದೇ ಹೆಚ್ಚಿನ ಪುಸ್ತಕಗಳು ತಿಳಿದಿವೆ. ನನ್ನ ಮಟ್ಟಿಗೆ ಅದು ಮೊದಲಿನಿಂದ ಕೊನೆಯವರೆಗೆ ಸಾಲದ ಇತಿಹಾಸ.

ಮುಳುಗುವವನಿಗೆ ಕೂಲಿ ಇರಲಿಲ್ಲ. ಋತು ಮುಗಿದ ಮೇಲೆ ಮುತ್ತು ಮಾರಿ ಬಂದ ಹಣದಲ್ಲಿ ಪಾಲು. ಹಲವು ದೋಣಿಗಳ ಕ್ರಮದಲ್ಲಿ ಮೊದಲು ದೋಣಿಗೆ ಐದರಲ್ಲಿ ಒಂದು ಪಾಲು; ಊಟದ ಖರ್ಚು ಕಳೆದು ಉಳಿದದ್ದರಲ್ಲಿ ಮುಳುಗುವವನಿಗೆ ಮೂರು ಭಾಗವಾದರೆ ಹಗ್ಗದವನಿಗೆ ಎರಡು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನಾಲ್ಕು ತಿಂಗಳು ಮನೆಯವರು ತಿನ್ನಬೇಕು. ಅದಕ್ಕಾಗಿ ಹೊರಡುವಾಗ ನಾಖುದ ಒಂದು ಮುಂಗಡ ಕೊಡುತ್ತಾನೆ. ಋತು ಮುಗಿದ ಮೇಲೆ ಚಳಿಗಾಲ ಕಳೆಯಲು ಇನ್ನೊಂದು ಮುಂಗಡ. ಲೆಕ್ಕದ ದಿನ ಪಾಲಿನಿಂದ ಎರಡನ್ನೂ ಕಳೆದರೆ ಹೆಚ್ಚಿನವರ ಹೆಸರಿನ ಮುಂದೆ ಉಳಿಯುವುದು ಬಾಕಿ ಮಾತ್ರ. ಪುಸ್ತಕ ಬರೆಯುವವನು ನಾಖುದ, ಓದಲು ಬಾರದವನು ಘೈಸ್. ನಾಖುದನಾದರೂ ಸ್ವತಂತ್ರನೇ? ಅವನು ಪಟ್ಟಣದ ವ್ಯಾಪಾರಿಗೆ ಸಾಲಗಾರ. ಮುತ್ತನ್ನು ಆ ವ್ಯಾಪಾರಿಗೇ, ಅವನು ಹೇಳಿದ ಬೆಲೆಗೇ ಕೊಡಬೇಕು. 1938-39ರಲ್ಲಿ ಕುವೈಟಿನ ಹಡಗಿನಲ್ಲಿ ಪ್ರಯಾಣ ಮಾಡಿದ ಆಸ್ಟ್ರೇಲಿಯದ ನಾವಿಕ ಅಲನ್ ವಿಲಿಯರ್ಸ್ ಈ ಸಾಲದ ಸರಪಳಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮುಳುಗುವವನು ಸತ್ತರೆ ಬಾಕಿ ಸಾಯುತ್ತಿರಲಿಲ್ಲ. ಅದು ಮಗನಿಗೆ, ಇಲ್ಲವೆ ತಮ್ಮನಿಗೆ ಇಳಿಯುತ್ತಿತ್ತು. ಹತ್ತು ಹನ್ನೆರಡು ವರ್ಷದ ಹುಡುಗ ಅಪ್ಪನ ಮೂಗಿನ ಚಿಮಟದೊಂದಿಗೆ ಅಪ್ಪನ ಸಾಲವನ್ನೂ ಹೊತ್ತು ದೋಣಿ ಹತ್ತುತ್ತಿದ್ದ. ಇವರ ಜೊತೆಗೆ ಗುಲಾಮರೂ ಮುಳುಗುತ್ತಿದ್ದರು. ಅವರು ಗಳಿಸಿದ ಪಾಲು ಯಜಮಾನನದು. ಬಹರೈನಿನಲ್ಲಿ ಗುಲಾಮಗಿರಿಯನ್ನು ಕಾಯಿದೆಯಾಗಿ ತೆಗೆದದ್ದು 1937ರಲ್ಲಿ.

ಸಾಲದಲ್ಲಿರುವ ಮುಳುಗುಗಾರ ಬೇರೆ ನಾಖುದನ ದೋಣಿಗೆ ಹೋಗಬೇಕಾದರೆ ಹಳೆಯ ನಾಖುದನಿಂದ ಒಂದು ಚೀಟಿ ತರಬೇಕಿತ್ತು. ಅದರ ಹೆಸರು ಬರ್ವಾ. ಇವನ ಬಾಕಿ ಇಷ್ಟಿದೆ, ಅಥವಾ ಇವನ ಬಾಕಿ ತೀರಿದೆ ಎಂದು ಬರೆದುಕೊಟ್ಟ ಕಾಗದ. ಬಾಕಿಯನ್ನು ಹೊಸ ನಾಖುದ ಹೊತ್ತುಕೊಂಡರೆ ಆಳು ಕೈ ಬದಲಾಗುತ್ತಾನೆ. ಬರ್ವಾ ಇಲ್ಲದವನನ್ನು ಯಾರೂ ದೋಣಿಗೆ ಹತ್ತಿಸುವಂತಿಲ್ಲ. ಇದನ್ನು ಓದುವಾಗ ನಮ್ಮ ಊರಿನ ಗಲ್ಫಿನವರ ಬಾಯಲ್ಲಿ ಕೇಳಿದ ಮಾತುಗಳು ನೆನಪಾಗದಿದ್ದರೆ ಆಶ್ಚರ್ಯ: ಕಫೀಲ, ರಿಲೀಸ್, ಎನ್‌ಒಸಿ. ವಿದೇಶದ ಕೆಲಸಗಾರನನ್ನು ಒಬ್ಬ ಕಫೀಲನ ಹೆಸರಿಗೆ ಕಟ್ಟುವ ಗಲ್ಫಿನ ಪದ್ಧತಿಯ ಬೇರನ್ನು ಕೆಲವು ಇತಿಹಾಸಕಾರರು ಮುತ್ತಿನ ದೋಣಿಯಲ್ಲೇ ಕಾಣುತ್ತಾರೆ. ಬೇರು ಅದೊಂದೇ ಎನ್ನಲಾಗದು. ಹೊರಗಿನವರನ್ನು ಹತೋಟಿಯಲ್ಲಿಡಲು ಬ್ರಿಟಿಷ್ ಆಡಳಿತ ಮಾಡಿದ ಏರ್ಪಾಡುಗಳೂ ಅದರಲ್ಲಿ ಸೇರಿವೆ. ಆದರೂ ವೀಸಾಕ್ಕಾಗಿ ಮನೆಯ ಚಿನ್ನ ಅಡವಿಟ್ಟು, ಮೊದಲ ಎರಡು ವರ್ಷ ಸಾಲ ತೀರಿಸಲೆಂದೇ ದುಡಿದವರು ಈ ವಾರ್ಷಿಕವನ್ನು ಓದುವ ಮನೆಗಳಲ್ಲೇ ಇದ್ದಾರೆ. ಅವರಿಗೆ ಬರ್ವಾ ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ.

1920ರ ದಶಕದಲ್ಲಿ ಬಹರೈನಿನ ಬ್ರಿಟಿಷ್ ಪೊಲಿಟಿಕಲ್ ಏಜೆಂಟನಾಗಿದ್ದ ಮೇಜರ್ ಡೇಲಿ ಈ ಪದ್ಧತಿಗೆ ಕೈ ಹಾಕಿದ. 1924ರ ಸುಮಾರಿಗೆ ಹೊಸ ನಿಯಮಗಳು ಬಂದವು. ಪ್ರತಿಯೊಬ್ಬ ಮುಳುಗುಗಾರನ ಲೆಕ್ಕವನ್ನು ಬರೆದಿಡಬೇಕು, ಅವನ ಕೈಗೂ ಒಂದು ಪುಸ್ತಕ ಕೊಡಬೇಕು, ಮುಂಗಡಕ್ಕೆ ಮಿತಿ ಇರಬೇಕು, ಅಪ್ಪನ ಸಾಲ ಮಗನಿಗೆ ಇಳಿಯಬಾರದು. ನಾಖುದರು ಸಿಟ್ಟಾದದ್ದು ಸಹಜ. ವಿಚಿತ್ರವೆಂದರೆ ಮುಂಗಡದ ಮಿತಿಗೆ ಮುಳುಗುವವರೇ ವಿರೋಧವಾಗಿ ನಿಂತದ್ದು. 1932ರಲ್ಲಿ, ಮಾರುಕಟ್ಟೆ ಕುಸಿದು ಮುಂಗಡವನ್ನು ಇನ್ನಷ್ಟು ಇಳಿಸಿದಾಗ, ಅವರು ದಂಗೆ ಎದ್ದರು. ಬಂಧನದಲ್ಲಿದ್ದ ತಮ್ಮವನನ್ನು ಬಿಡಿಸಲು ಪೊಲೀಸ್ ಠಾಣೆಗೆ ನುಗ್ಗಿದರು. ಆಗಿನ ಅಧಿಕಾರಿಗಳಿಗೆ ಇದು ತಿಳಿಗೇಡಿತನವಾಗಿ ಕಂಡಿತು. ನನಗೆ ಹಾಗೆ ಕಾಣುವುದಿಲ್ಲ. ಕೂಲಿಯೇ ಇಲ್ಲದ ಕೆಲಸದಲ್ಲಿ ಮನೆಯವರ ಕೈಗೆ ಖಂಡಿತವಾಗಿ ಸೇರುವ ಹಣವೆಂದರೆ ಮುಂಗಡ ಒಂದೇ. ತೀರದ ಸಾಲದಲ್ಲಿ ಬದುಕುವವನಿಗೆ ಸಾಲ ಎಷ್ಟು ಎಂಬುದಕ್ಕಿಂತ ಈ ತಿಂಗಳು ಅಕ್ಕಿ ಇದೆಯೇ ಎಂಬುದು ದೊಡ್ಡದು.

ಆ ಅಕ್ಕಿ ಬರುತ್ತಿದ್ದದ್ದು ನಮ್ಮ ಕಡೆಯಿಂದ. ಮುಂಗಡವನ್ನು ಎಣಿಸುತ್ತಿದ್ದದ್ದು ನಮ್ಮ ರೂಪಾಯಿಯಲ್ಲಿ. ದೋಣಿ ಕಟ್ಟಲು ಸಾಗುವಾನಿ ಹೋಗುತ್ತಿದ್ದದ್ದು ಮಲಬಾರಿನಿಂದ. ಮುತ್ತು ಬರುತ್ತಿದ್ದದ್ದು ಮುಂಬಯಿಗೆ. ಅಲ್ಲಿ ಜರಡಿ ಹಿಡಿದು, ತೂತು ಕೊರೆದು, ದಾರಕ್ಕೆ ಪೋಣಿಸಿ ಪ್ಯಾರಿಸು, ಲಂಡನ್ನುಗಳಿಗೆ ಕಳಿಸುತ್ತಿದ್ದರು. ಮನಾಮದ ಹಳೆಯ ಪೇಟೆಯಲ್ಲಿ ಈಗಲೂ ಇರುವ ಶ್ರೀನಾಥಜಿ ದೇವಾಲಯ ಸುಮಾರು 200 ವರ್ಷ ಹಳೆಯದು. ಸಿಂಧಿನಿಂದ ಬಂದ ಭಾಟಿಯಾ ವ್ಯಾಪಾರಿಗಳದ್ದು. ಸಾಲದ ಸರಪಳಿಯ ಮೇಲಿನ ಕೊಂಡಿಗಳಲ್ಲಿ ಭಾರತದ ಬಂಡವಾಳವೂ ಇತ್ತು ಎಂಬುದನ್ನು ಮರೆಮಾಡಿ ಈ ಚರಿತ್ರೆ ಹೇಳಲಾಗದು. ಬಹರೈನ್ ತನ್ನದೇ ದಿನಾರನ್ನು ತಂದದ್ದು 1965ರಲ್ಲಿ, ಹತ್ತು ರೂಪಾಯಿಗೆ ಒಂದು ದಿನಾರಿನಂತೆ. ಆ ದರವನ್ನು ಇಂದಿನ ದರದ ಪಕ್ಕದಲ್ಲಿಟ್ಟು ನೋಡಿದ ಉಪ್ಪಳದ ಗೆಳೆಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬೆಲೆ ಏರುತ್ತಿದ್ದ ಕಾಲದಲ್ಲಿ ಅದಕ್ಕೆ ಕೊನೆಯಿಲ್ಲವೆಂದೇ ತೋರಿತ್ತು. 1912ನ್ನು ಕೊಲ್ಲಿಯವರು ಸಮೃದ್ಧಿಯ ವರ್ಷವೆಂದು ಬಹುಕಾಲ ನೆನೆದರು. 1917ರಲ್ಲಿ ನ್ಯೂಯಾರ್ಕಿನ ಶ್ರೀಮಂತನೊಬ್ಬ ತನ್ನ ಹೆಂಡತಿಗಾಗಿ ಎರಡೆಳೆಯ ಮುತ್ತಿನ ಹಾರವನ್ನು ಪಡೆದು, ಬದಲಿಗೆ ಐದನೆಯ ಅವೆನ್ಯೂವಿನ ಬಂಗಲೆಯನ್ನೇ ಕಾರ್ಟಿಯೆ ಕಂಪೆನಿಗೆ ಬಿಟ್ಟುಕೊಟ್ಟ. ಹಾರದ ಬೆಲೆ ಹತ್ತು ಲಕ್ಷ ಡಾಲರು. ಅದೇ ಹಾರ 1957ರಲ್ಲಿ ಹರಾಜಿಗೆ ಬಂದಾಗ ಸುಮಾರು ಒಂದೂವರೆ ಲಕ್ಷಕ್ಕೆ ಹೋಯಿತು. ನಡುವೆ ನಡೆದದ್ದೇನೆಂದರೆ ಜಪಾನಿನ ಮಿಕಿಮೋಟೊ. ಚಿಪ್ಪಿನೊಳಗೆ ಬೇಕೆಂದೇ ಬೀಜವಿಟ್ಟು ಮುತ್ತು ಬೆಳೆಸುವ ಅವನ ಪ್ರಯತ್ನ 1893ರಲ್ಲಿ ಅರ್ಧಗೋಲದ ಮುತ್ತಾಗಿ ಫಲಿಸಿತು. 1920ರ ಹೊತ್ತಿಗೆ ದುಂಡು ಮುತ್ತುಗಳು ಲಂಡನ್, ಪ್ಯಾರಿಸ್ ಪೇಟೆಗಳನ್ನು ಮುಟ್ಟಿದವು. 1929ರ ಆರ್ಥಿಕ ಕುಸಿತ ಉಳಿದದ್ದನ್ನು ಮುಗಿಸಿತು. ಬಹರೈನಿನ ಅದೃಷ್ಟವೋ ಏನೋ, ಮುಳುಗುಗಾರರು ದಂಗೆ ಎದ್ದ ಆ 1932ರಲ್ಲೇ ಜಬಲ್ ದುಖಾನ್ ಗುಡ್ಡದ ಬುಡದಲ್ಲಿ ಎಣ್ಣೆ ಚಿಮ್ಮಿತು. ಕೊಲ್ಲಿಯ ಅರಬ್ ತೀರದಲ್ಲಿ ಅದೇ ಮೊದಲ ಎಣ್ಣೆಬಾವಿ. ಮುಳುಗುತ್ತಿದ್ದವರು ಎಣ್ಣೆ ಕಂಪೆನಿಯ ಕೂಲಿಗಳಾದರು. ತಿಂಗಳ ಕೊನೆಗೆ ಕೈಗೆ ಬರುವ ಸಂಬಳವೆಂಬುದನ್ನು ಮೊದಲ ಬಾರಿ ಕಂಡರು. ಗುಮಾಸ್ತರನ್ನು ಕಂಪೆನಿ ಭಾರತದಿಂದ ಕರೆಸಿಕೊಂಡಿತು. ನಮ್ಮವರ ಗಲ್ಫ್ ಕಥೆ ಶುರುವಾಗುವುದು ಆ ಪುಟದಿಂದ.

ಯಂತ್ರಗಳು ಮೊದಲೇ ಇರಲಿಲ್ಲವೇ ಎಂದು ಕೇಳಬಹುದು. ಇದ್ದವು. ತಲೆಗೆ ತಾಮ್ರದ ಹೆಲ್ಮೆಟ್ ತೊಟ್ಟು, ಮೇಲಿನಿಂದ ಕೊಳವೆಯಲ್ಲಿ ಗಾಳಿ ಪಡೆದು ಇಳಿಯುವ ಉಡುಪು 1830ರ ದಶಕದಲ್ಲೇ ಬಂದಿತ್ತು. ಕೊಲ್ಲಿಯ ಶೇಖರು ಮತ್ತು ಅವರ ಬೆನ್ನಿಗಿದ್ದ ಬ್ರಿಟಿಷರು ಅದನ್ನು ಅಲ್ಲಿ ಬಿಡಲಿಲ್ಲ. ಮುತ್ತಿನ ನೆಲೆಗಳು ಕೊಲ್ಲಿಯ ಅರಬರೆಲ್ಲರಿಗೂ ಸೇರಿದ ಸಾಮಾನ್ಯ ಸೊತ್ತು, ಹೊರಗಿನ ಬಂಡವಾಳಗಾರ ಯಂತ್ರ ತಂದು ದೋಚಬಾರದು ಎಂಬುದು ವಾದ. ಅದನ್ನು ಹಳೆಯ ಕಾಲದ ಮೊಂಡುತನವೆಂದು ತಳ್ಳಿಹಾಕುವ ಮೊದಲು ಆಸ್ಟ್ರೇಲಿಯದ ಬ್ರೂಮ್ ಪಟ್ಟಣದ ಸ್ಮಶಾನವನ್ನು ನೆನೆಯಬೇಕು. ಅಲ್ಲಿ ಹೆಲ್ಮೆಟ್ ತೊಟ್ಟು ಮುತ್ತಿನ ಚಿಪ್ಪು ತೆಗೆದರು. 900ಕ್ಕೂ ಹೆಚ್ಚು ಜಪಾನೀಯರ ಸಮಾಧಿಗಳು ಅಲ್ಲಿವೆ. ಕೆಲವರನ್ನು ಚಂಡಮಾರುತ ಕೊಂದಿತು, ಅನೇಕರನ್ನು ಆಳದಿಂದ ಬೇಗನೆ ಮೇಲೆ ಬಂದವರ ರಕ್ತದಲ್ಲಿ ಗಾಳಿಗುಳ್ಳೆ ಏಳುವ ರೋಗ. ಆಳದಲ್ಲಿ ಒತ್ತಡಕ್ಕೆ ಮೈಯಲ್ಲಿ ಕರಗುವ ಸಾರಜನಕವೇ ಇದಕ್ಕೆ ಕಾರಣವೆಂದು ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿ ತೋರಿಸಿದ. ಎಷ್ಟು ಆಳದಿಂದ ಎಷ್ಟು ನಿಧಾನವಾಗಿ ಬರಬೇಕೆಂಬ ಕೋಷ್ಟಕವನ್ನು ಆಡುಗಳ ಮೇಲೆ ಪ್ರಯೋಗ ಮಾಡಿ ಹಾಲ್ಡೇನ್ 1908ರಲ್ಲಿ ಕೊಟ್ಟ. ಮೇಲೆ ಬರುವ ಮೊದಲು 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ ಎಂದು ನಮಗೆ ಕಲಿಸಿದ ಪಾಠದ ಬೇರು ಅಲ್ಲಿದೆ.

ಕೊಳವೆಯ ಹಂಗಿಲ್ಲದ ಉಸಿರು ಬಂದದ್ದು 1943ರಲ್ಲಿ, ಯುದ್ಧದ ನಡುವೆ. ಪೆಟ್ರೋಲು ಸಿಗದ ಫ್ರಾನ್ಸಿನಲ್ಲಿ ಕಾರುಗಳನ್ನು ಅನಿಲದಿಂದ ಓಡಿಸಲು ಎಮಿಲ್ ಗಾನ್ಯಾಂ ಎಂಬ ಎಂಜಿನಿಯರು ಒಂದು ಕವಾಟ ಮಾಡಿದ್ದ. ನೌಕಾಪಡೆಯ ಅಧಿಕಾರಿ ಝಾಕ್ ಕುಸ್ತೋ ಅದನ್ನು ನೀರಿಗೆ ಇಳಿಸಿದ. ಎಳೆದಾಗ ಮಾತ್ರ, ಆ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುವ ಕವಾಟ ಅದು. ಕುಸ್ತೋ, ತೈಯೇ, ದ್ಯೂಮಾ ಎಂಬ ಮೂವರು ಗೆಳೆಯರು ಮೆಡಿಟರೇನಿಯನ್ ಸಮುದ್ರದಲ್ಲಿ ಅದನ್ನು ಕಟ್ಟಿಕೊಂಡು ಇಳಿದು ಕಲಿತರು. ನಮ್ಮ ಹಾಗೆ ಅವರಿಗೆ ಕಲಿಸಲು ಯಾರೂ ಇರಲಿಲ್ಲ. ಆ ಕವಾಟ ಲೋಕಕ್ಕೆ ಹರಡುವ ಹೊತ್ತಿಗೆ ಬಹರೈನಿನ ಮುತ್ತಿನ ದೋಣಿಗಳು ದಡದಲ್ಲಿ ಬಿಸಿಲಿಗೆ ಸೀಳುತ್ತಿದ್ದವು. ಉಸಿರು ಬೇಕಾದವರ ಕೈಗೆ ಅದು ಸಿಗಲೇ ಇಲ್ಲ. ಸಿಕ್ಕಿದ್ದು ರಜೆಯಲ್ಲಿ ಬಂದವರಿಗೆ, ನಮ್ಮಂಥವರಿಗೆ.

ಮುಹರ್ರಕ್ ದ್ವೀಪದಲ್ಲಿ ಮುತ್ತಿನ ಕಾಲದ ಕಟ್ಟಡಗಳ ಸಾಲೊಂದನ್ನು, ಸಮುದ್ರದೊಳಗಿನ ಮೂರು ಚಿಪ್ಪಿನ ನೆಲೆಗಳೊಂದಿಗೆ ಸೇರಿಸಿ, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಿಯಾದಿ ಮನೆತನದ ವ್ಯಾಪಾರಿಗಳ ಮನೆಯಲ್ಲಿ ಸುಣ್ಣದ ಗಾರೆಯ ಕೆತ್ತನೆ, ಬಣ್ಣದ ಗಾಜು. ಅಲ್ಲಿಂದ ಕೆಲವು ಓಣಿ ದಾಟಿದರೆ ಮುಳುಗುವವನ ಮನೆ, ಚಿಕ್ಕದು, ಬರಿದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಉಳಿಸಿಕೊಂಡದ್ದು ಬಹರೈನಿನವರ ದೊಡ್ಡತನ. ದೋಣಿಯ ಹಾಡುಗಳು, ಫ್ಜಿರಿ ಎಂಬವು, 2021ರಲ್ಲಿ ಯುನೆಸ್ಕೊದ ಇನ್ನೊಂದು ಪಟ್ಟಿ ಸೇರಿದವು. ನಾವು ಕೇಳಿದೆವು. ಮಡಕೆಯ ಬಾಯಿಗೆ ಹೊಡೆಯುವ ಸದ್ದು, ಚಪ್ಪಾಳೆ, ಅಡಿಯಲ್ಲಿ ಗಂಟಲಾಳದಿಂದ ಎಳೆಯುವ ಒಂದು ಗುಂಯ್‌ಗುಡುವಿಕೆ. ಅರ್ಥ ತಿಳಿಯದಿದ್ದರೂ ಹಗ್ಗ ಎಳೆಯುವ ಹಾಡೆಂದು ಮೈಗೆ ತಿಳಿಯುತ್ತದೆ.

ಕೊನೆಯ ದಿನ ಚಿಪ್ಪಿನ ನೆಲೆಗೆ ಇಳಿದೆವು. ಏಳೆಂಟು ಮೀಟರ್, ಹಸುರು ಬೆಳಕು, ಮರಳಿನ ಮೇಲೆ ಅಲ್ಲಲ್ಲಿ ಕಲ್ಲಿಗೆ ಅಂಟಿದ ಚಿಪ್ಪುಗಳು. ಅಂಗೈಯ ಅರ್ಧದಷ್ಟು ದೊಡ್ಡವು, ಪಾಚಿ ಹಿಡಿದು ಕಲ್ಲಿನದೇ ಬಣ್ಣಕ್ಕೆ ತಿರುಗಿದವು, ಮೊದಲ ಐದು ನಿಮಿಷ ಕಣ್ಣಿಗೇ ಬೀಳುವುದಿಲ್ಲ. ಸ್ಕೂಬಾದಲ್ಲಿ ಯಾರೂ ಒಂಟಿಯಾಗಿ ಇಳಿಯುವಂತಿಲ್ಲ. ನನಗೆ ಜೊತೆಗಾರರು ಉಪ್ಪಳದವರು. ಐದು ನಿಮಿಷಕ್ಕೊಮ್ಮೆ ಅವರು ನನ್ನ ಗಾಳಿಯ ಗಡಿಯಾರ ನೋಡಬೇಕು, ನಾನು ಅವರದನ್ನು. ಗಡಿಯಾರವಿಲ್ಲದೆ, ಮುಖ ಕಾಣದೆ, ಹಗ್ಗದ ನಡುಕದಿಂದಲೇ ಕೆಳಗಿನವನ ಉಸಿರನ್ನು ತಿಳಿಯುತ್ತಿದ್ದ ಸೈಬ್ ಎಂಥವನಿರಬೇಕು! ಅವನ ಹೆಸರಿನಲ್ಲಿ ಹಾಡುಗಳಿವೆಯೋ ಏನೋ, ಹಾರಗಳ ಪುಸ್ತಕಗಳಲ್ಲಂತೂ ಅವನಿಲ್ಲ.

ಮೂವರೂ ಸೇರಿ 140ರಷ್ಟು ಚಿಪ್ಪು ತಂದಿದ್ದೆವು. ದೋಣಿಯ ಮುದುಕ ಮೊಂಡು ಚೂರಿಯಿಂದ ಒಂದೊಂದಾಗಿ ಬಿಡಿಸಿ, ಹೆಬ್ಬೆರಳಿನಿಂದ ತಡವಿ, ಪಕ್ಕಕ್ಕೆ ಎಸೆಯುತ್ತ ಹೋದ. ನೂರು ದಾಟಿದ ಮೇಲೆ ಒಂದು ಸಿಕ್ಕಿತು. ಸಾಸಿವೆಗಿಂತ ತುಸು ದೊಡ್ಡದು, ಹಳದಿ ಮಿಶ್ರಿತ ಬಿಳಿ, ಒಂದು ಬದಿ ಚಪ್ಪಟೆ. ಕೊನೆಯವರೆಗೆ ಬಿಡಿಸಿದರೂ ಇನ್ನೊಂದು ಇರಲಿಲ್ಲ. ಉಪ್ಪಳದ ಗೆಳೆಯರು ಹಳೆಯ ಅಭ್ಯಾಸದಂತೆ ಊಟದ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದರು. ದೋಣಿಗೆ ಐದರಲ್ಲಿ ಒಂದು. ಊಟ, ನೀರು ಕಳೆದು ಉಳಿದದ್ದರಲ್ಲಿ ಮುಳುಗಿದವರಿಗೆ ಮೂರು ಪಾಲು, ಹಗ್ಗದವರಿಗೆ ಎರಡು. ಅದರಿಂದ ಮುಂಗಡ ಕಳೆಯಬೇಕು. "ನಮ್ಮ ಮುಂಗಡ ಯಾವುದು ಮಾಷೆ?" ಎಂದು ಹೊಸದುರ್ಗದವರು ಕೇಳಿದರು. ತರಗತಿಯ ಶುಲ್ಕ, ಸಿಲಿಂಡರಿನ ಬಾಡಿಗೆ, ವಿಮಾನದ ಟಿಕೇಟು ಎಂದು ಉಪ್ಪಳದವರು ಒಂದರ ಕೆಳಗೊಂದು ಬರೆದು, ಗೆರೆ ಎಳೆದು, ಮೂವರ ಹೆಸರಿನ ಮುಂದೂ ಬಾಕಿ ಎಂದು ಬರೆದರು. ಮುದುಕ ಮುತ್ತನ್ನು ಒಂದು ಚೂರು ಕೆಂಪು ಬಟ್ಟೆಯಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ಟು, ಖಾಲಿ ಚಿಪ್ಪುಗಳನ್ನು ಸಮುದ್ರಕ್ಕೆ ಸುರಿದ.